ಬೇಸಿಗೆ ರಜೆಯಲ್ಲಿ ಮಕ್ಕಳ ದಿನ ಹಳಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವಿಬ್ಬರೂ ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರು. ಮಗನಿಗೆ 12 ವರ್ಷ, ಮಗಳಿಗೆ 7. ರಜೆ ಶುರುವಾದ ವಾರದಲ್ಲೇ ರಾತ್ರಿ ಹನ್ನೆರಡರವರೆಗೆ ಎಚ್ಚರ, ಬೆಳಿಗ್ಗೆ ಹತ್ತಕ್ಕೆ ಏಳುವುದು, ಇಡೀ ದಿನ ಮೊಬೈಲು, ಜಗಳ. ಬ್ರಹ್ಮಾವರದ ಹತ್ತಿರ ಅಜ್ಜಿಮನೆ ಇದೆ. ಮೇ ತಿಂಗಳಲ್ಲಿ ಮುಂಬೈಯಿಂದ ಭಾವನ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಶಿಬಿರಕ್ಕೆ ಸೇರಿಸಬೇಕೇ, ಊರಿಗೆ ಕಳಿಸಬೇಕೇ? ಹೇಗೆ ಸಂಭಾಳಿಸುವುದು?

ಉತ್ತರ: ನಿಮಗೆ ಮೊಬೈಲಿನದೇ ದೊಡ್ಡ ಚಿಂತೆ ಆಗಿದೆ. ಆದರೆ ಮೊದಲು ಕೈ ಹಾಕಬೇಕಾದ್ದು ನಿದ್ದೆಗೆ. ಶಾಲೆ ಇರುವಾಗ ವ್ಯಾನಿನ ಹಾರ್ನು, ಗಂಟೆ, ಬುತ್ತಿ, ಹೋಮ್‌ವರ್ಕ್ ಇವೇ ಮಕ್ಕಳ ದಿನವನ್ನು ಹಿಡಿದಿಟ್ಟಿರುತ್ತವೆ. ರಜೆ ಬಂದ ಮರುದಿನವೇ ಅವೆಲ್ಲ ಇಲ್ಲ. ಹತ್ತಕ್ಕೆ ಎದ್ದ ಮಗು ಹನ್ನೊಂದಕ್ಕೆ ತಿಂಡಿ ತಿನ್ನುತ್ತದೆ, ಮಧ್ಯಾಹ್ನದ ಊಟ ಮೂರೂವರೆಗೆ ಹೋಗುತ್ತದೆ, ರಾತ್ರಿ ಎಂಟಕ್ಕೆ ಹಸಿವಿಲ್ಲ, ಹತ್ತೂವರೆಗೆ ಬಿಸ್ಕತ್ತಿನ ಡಬ್ಬ ಹುಡುಕುತ್ತದೆ, ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಈ ನಡುವೆ ಖಾಲಿ ಉಳಿದ ಹೊತ್ತಿಗೆಲ್ಲ ಮೊಬೈಲು ಬಂದು ಕೂರುತ್ತದೆ.

ಹಾಗಾಗಿ ದಿನಕ್ಕೆ ಮೂರೇ ಮೂರು ಹೊತ್ತುಗಳನ್ನು ಗಟ್ಟಿ ಮಾಡಿ: ಏಳುವ ಹೊತ್ತು, ಮಧ್ಯಾಹ್ನದ ಊಟದ ಹೊತ್ತು, ರಾತ್ರಿ ದೀಪ ಆರಿಸುವ ಹೊತ್ತು. ಉಳಿದದ್ದನ್ನು ಸಡಿಲ ಬಿಡಿ. ಗೋಡೆಗೆ ಗಂಟೆಗಂಟೆಯ ಟೈಮ್‌ಟೇಬಲ್ ಅಂಟಿಸಿದ ಮನೆಗಳಲ್ಲಿ ಅದು ನಾಲ್ಕನೇ ದಿನಕ್ಕೆ ಬಿದ್ದುಹೋಗುತ್ತದೆ, ಬಿದ್ದ ಮೇಲೆ ಅಪ್ಪ ಅಮ್ಮನ ಮಾತಿಗೂ ಬೆಲೆ ಇರುವುದಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿಮ್ಮ ಮನೆಗೆ ಬೆಳಿಗ್ಗೆ 7.30, ಮಧ್ಯಾಹ್ನ 1, ರಾತ್ರಿ ಮಗಳಿಗೆ 9.30, ಮಗನಿಗೆ 10 ಗಂಟೆ ಎಂದಿಟ್ಟುಕೊಂಡರೆ ಸಾಕು. ಶಾಲೆಯ ದಿನಕ್ಕಿಂತ ಒಂದು ಗಂಟೆ ತಡ, ಅಷ್ಟು ರಜೆ ಅವರಿಗೆ ಸಲ್ಲಬೇಕಾದ್ದೇ.

ಸರಿಪಡಿಸುವಾಗ ಎಲ್ಲರೂ ರಾತ್ರಿಯಿಂದ ಶುರು ಮಾಡುತ್ತಾರೆ. ಹನ್ನೆರಡಕ್ಕೆ ಮಲಗುವ ಹುಡುಗನನ್ನು ಒಂಬತ್ತೂವರೆಗೆ ಮಲಗಿಸಿದರೆ ಅವನು ಕತ್ತಲಲ್ಲಿ ಹೊರಳಾಡುತ್ತಾನೆ, ನೀವು ಗದರುತ್ತೀರಿ. ಬೆಳಿಗ್ಗೆಯಿಂದ ಶುರು ಮಾಡಿ. ನಾಳೆ 9 ಗಂಟೆಗೆ ಎಬ್ಬಿಸಿ, ಮರುದಿನ 8.30, ಆಮೇಲೆ 8, ಆಮೇಲೆ 7.30. ಎದ್ದ ಕೂಡಲೇ ಅಂಗಳಕ್ಕೋ ಬಾಲ್ಕನಿಗೋ ಕಳಿಸಿ, ಹತ್ತು ನಿಮಿಷ ಬೆಳಕು ಕಣ್ಣಿಗೆ ಬೀಳಲಿ. ರಾತ್ರಿಯ ನಿದ್ದೆ ತಾನಾಗಿ ಹಿಂದೆ ಸರಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕವಳು ಮಲಗಿದರೆ ಮುಕ್ಕಾಲು ಗಂಟೆ ಸಾಕು, ಮೂರರೊಳಗೆ ಎಬ್ಬಿಸಿ.

ಏಪ್ರಿಲ್–ಮೇಯಲ್ಲಿ ಈ ಲೆಕ್ಕ ತಪ್ಪಿಸುವುದು ಐಪಿಎಲ್. ಸಂಜೆ 7.30ಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಪೂರ್ತಿ ಬೇಡ ಎಂದರೆ ಮನೆಯಲ್ಲಿ ಯುದ್ಧ. ವಾರಕ್ಕೆ ಎರಡು ಪಂದ್ಯ ಪೂರ್ತಿ, ಯಾವೆರಡು ಎಂಬುದನ್ನು ಭಾನುವಾರವೇ ಅವನು ಆರಿಸಲಿ. ಉಳಿದ ದಿನ ಮೊದಲ ಇನಿಂಗ್ಸ್ ಮಾತ್ರ, ಫಲಿತಾಂಶ ಬೆಳಿಗ್ಗೆ ಪೇಪರಿನಲ್ಲಿ. ವಾರಾಂತ್ಯದ ಮಧ್ಯಾಹ್ನ 3.30ರ ಪಂದ್ಯಗಳಿಗೆ ಲೆಕ್ಕ ಇಡಬೇಡಿ, ಆ ಹೊತ್ತಿಗೆ ಹೊರಗೆ ಬಿಸಿಲು ಹೇಗೂ ಇರುತ್ತದೆ.

ಇನ್ನು ಮೊಬೈಲು. ‘ದಿನಕ್ಕೆ ಎರಡು ಗಂಟೆ’ ಎಂಬ ನಿಯಮ ಕಾಗದದ ಮೇಲೆ ಚೆಂದ. ಅಳೆಯುವವರು ಯಾರು? ನೀವಿಬ್ಬರೂ ಆಫೀಸಿನಲ್ಲಿ. ಗಂಟೆ ಎಣಿಸುವ ಬದಲು ಯಾವಾಗ ಇಲ್ಲ ಎಂಬುದನ್ನು ಹೇಳಿ: ಸ್ನಾನ, ತಿಂಡಿ ಆಗುವವರೆಗೆ ಇಲ್ಲ, ಉಣ್ಣುವಾಗ ಇಲ್ಲ, ರಾತ್ರಿ 8.30ರ ನಂತರ ಇಲ್ಲ. ಆಮೇಲೆ ಎಲ್ಲರ ಫೋನೂ, ನಿಮ್ಮದೂ ಸೇರಿ, ಹಾಲ್‌ನಲ್ಲಿ ಒಂದೇ ಕಡೆ ಚಾರ್ಜಿಗೆ. ಮಲಗುವ ಕೋಣೆಯೊಳಗೆ ಚಾರ್ಜರ್ ಇಡಲೇಬೇಡಿ. ನೋಡುವುದಿದ್ದರೆ ಮೊಬೈಲಿಗಿಂತ ಟಿವಿ ಮೇಲು, ರೀಲ್ಸಿಗಿಂತ ಒಂದು ಇಡೀ ಸಿನಿಮಾ ಮೇಲು. ಸಿನಿಮಾಕ್ಕೆ ಮುಗಿಯುವ ಜಾಗ ಇದೆ. ರೀಲ್ಸ್‌ಗೆ ಅದಿಲ್ಲ, ನಡುವೆ ಕಿತ್ತುಕೊಂಡ ಹಾಗಾಗುತ್ತದೆ, ಅದಕ್ಕೇ ರಂಪ. ಯೂಟ್ಯೂಬಿನ ಆಟೋಪ್ಲೇ ಆಫ್ ಮಾಡಿಡಿ.

ಮೊಬೈಲು ಕಡಿಮೆಯಾದ ಮೊದಲ ಮೂರ್ನಾಲ್ಕು ದಿನ ‘ಬೋರ್ ಆಗ್ತದೆ’ ಎಂಬ ರಾಗ ಕೇಳಿಯೇ ಕೇಳುತ್ತದೆ. ಗಾಬರಿಯಾಗಿ ಏನಾದರೂ ತಂದುಕೊಡಬೇಡಿ, ಇದು ದಾಟಲೇಬೇಕಾದ ಹಂತ. ಐದನೇ ದಿನಕ್ಕೆ ಹಳೆ ರಟ್ಟಿನ ಪೆಟ್ಟಿಗೆ, ಹಗ್ಗ, ಬಾಲು ತಾವಾಗಿ ಹೊರಗೆ ಬರುತ್ತವೆ.

ಹೊರಗಿನ ಆಟಕ್ಕೆ ನಮ್ಮ ಕರಾವಳಿಯಲ್ಲಿ ಎರಡೇ ಹೊತ್ತು: ಬೆಳಿಗ್ಗೆ ಹತ್ತೂವರೆಯೊಳಗೆ, ಸಂಜೆ ನಾಲ್ಕೂವರೆ ನಂತರ. ಉಷ್ಣಾಂಶ 34 ಡಿಗ್ರಿ ಎಂದು ಮಾತ್ರ ನೋಡಿ ಮೋಸ ಹೋಗಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಬಯಲುಸೀಮೆಯ ಒಣ ಬಿಸಿಲಿಗಿಂತ ಇಲ್ಲಿ ಮಕ್ಕಳು ಬೇಗ ಸುಸ್ತಾಗುವುದು ಇದಕ್ಕೇ. ಆಡುವಾಗ ಅರ್ಧ ಗಂಟೆಗೊಮ್ಮೆ ನೀರು ಕುಡಿಸಿ. ಮನೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ ಶರಬತ್ತು, ಬೊಂಡ (ಎಳನೀರು), ಬೆಳಗಿನ ಗಂಜಿಯ ತಿಳಿ ಇದ್ದರೆ ಬಾಟಲಿ ಪಾನೀಯ ತರಬೇಕಿಲ್ಲ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ, ಇದನ್ನು ನೋಡಲು ಮಕ್ಕಳಿಗೇ ಹೇಳಿಕೊಡಿ. ಬೆವರುಸಾಲೆಗೆ ಪೌಡರು ದಪ್ಪಗೆ ಮೆತ್ತಿದರೆ ರಂಧ್ರ ಇನ್ನಷ್ಟು ಕಟ್ಟುತ್ತದೆ. ದಿನಕ್ಕೆರಡು ತಣ್ಣೀರಿನ ಸ್ನಾನ, ಸಡಿಲ ಹತ್ತಿ ಬಟ್ಟೆ, ಫ್ಯಾನಿನ ಗಾಳಿ ಸಾಕು. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ನೀರು ಕೆಡುವ ಸಂಭವ ಹೆಚ್ಚು, ಕುದಿಸಿಯೇ ಕುಡಿಸಿ. ಜಾತ್ರೆ, ನೇಮ, ಬ್ರಹ್ಮಕಲಶದ ಗದ್ದಲದಲ್ಲಿ ಐಸ್ ಹಾಕಿದ ಜ್ಯೂಸು ಬೇಡ. ಕಾಮಾಲೆ, ಟೈಫಾಯ್ಡ್ ಬರುವ ದಾರಿ ಅದೇ. ವಾಂತಿ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಂದಾಜಿನಲ್ಲಿ ಹಾಕಬೇಡಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಶಿಬಿರವೋ ಅಜ್ಜಿಮನೆಯೋ? ಎರಡೂ ಇರಲಿ, ಪ್ರಮಾಣ ನೋಡಿಕೊಳ್ಳಿ. ಎರಡು ವಾರದ, ಅರ್ಧ ದಿನದ ಒಂದು ಶಿಬಿರ ಸಾಕು. ಬೆಳಿಗ್ಗೆ ಚಿತ್ರಕಲೆ, ಸಂಜೆ ಅಬಾಕಸ್, ನಡುವೆ ಕರಾಟೆ ಎಂದು ಪೇರಿಸಿದರೆ ಅದು ಇನ್ನೊಂದು ಶಾಲೆ. ಹಣ ಕಟ್ಟುವ ಮುನ್ನ ಒಮ್ಮೆ ಹೋಗಿ ನೋಡಿ: ಹನ್ನೆರಡು ಹದಿನೈದು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿದ್ದಾರೆಯೇ, ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ, ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕೂರಿಸುತ್ತಾರೆಯೇ, ಬಿಡುವಾಗ ಯಾರ ಕೈಗೆ ಮಗುವನ್ನು ಒಪ್ಪಿಸುತ್ತಾರೆ. ಕೊನೆಯ ದಿನದ ಸ್ಟೇಜ್ ಕಾರ್ಯಕ್ರಮದ ಬಗ್ಗೆಯೇ ಹೆಚ್ಚು ಮಾತಾಡುವ ಕಡೆ ಮಕ್ಕಳಿಗೆ ಆಟ ಕಡಿಮೆ, ರಿಹರ್ಸಲ್ ಜಾಸ್ತಿ. ಮಗನಿಗೆ ಮಾತ್ರ ಒಂದೇ ಒಂದು ಆರಿಸಿ ಎಂದರೆ ನಾವು ಈಜು ಎನ್ನುತ್ತೇವೆ.

ಅಜ್ಜಿಮನೆಗೆ ರಜೆಯಿಡೀ ಕಳಿಸುವುದು ಅಜ್ಜಿಗೆ ಅನ್ಯಾಯ. ಎಪ್ಪತ್ತರ ಹತ್ತಿರದ ಮೊಣಕಾಲಿಗೆ ನಾಲ್ಕು ಮಕ್ಕಳ ಹಿಂದೆ ಓಡುವ ಶಕ್ತಿ ಇಲ್ಲ, ‘ಇರಲಿ ಬಿಡಿ’ ಎಂದು ಅವರು ಹೇಳುತ್ತಾರೆ ಅಷ್ಟೆ. ಎಂಟು ಹತ್ತು ದಿನದ ಎರಡು ಕಂತು ಮಾಡಿ, ಮುಂಬೈ ಮಕ್ಕಳು ಬಂದಿರುವಾಗ ನಿಮ್ಮಲ್ಲೋ ಭಾವನ ಮನೆಯವರಲ್ಲೋ ಒಬ್ಬ ದೊಡ್ಡವರು ಅಲ್ಲೇ ಇರಲಿ. ಗ್ಯಾಸು, ಹಾಲು, ಮೀನು ತರಕಾರಿಯ ಖರ್ಚು ಮೊದಲೇ ಕೊಟ್ಟುಬಿಡಿ. ಊಟ, ಟಿವಿ, ಮಲಗುವ ಜಾಗ, ದಿನಕ್ಕೆಷ್ಟು ಮಾವು ಎಂಬುದೆಲ್ಲ ಅಜ್ಜಿಯ ಅಧಿಕಾರ, ಫೋನಿನಲ್ಲಿ ತಿದ್ದಲು ಹೋಗಬೇಡಿ. ನೀರು, ರಸ್ತೆ, ಔಷಧ, ಮೈ ಮುಟ್ಟುವ ವಿಚಾರ, ಈ ನಾಲ್ಕಕ್ಕೆ ಮಾತ್ರ ನಿಮ್ಮ ನಿಯಮವೇ ನಿಯಮ, ಅಲ್ಲಿ ಸಂಕೋಚ ಬೇಡ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆ ದಿಂಬಿನ ಪಕ್ಕ, ಊಟದ ಮೇಜಿನ ಮೇಲೆ ಬಿದ್ದಿರುತ್ತವೆ. ಹೋದ ದಿನವೇ ಅವನ್ನು ಎತ್ತರದ ಕಪಾಟಿಗೆ ಸೇರಿಸಿ. ಶುಗರಿನ ಒಂದೇ ಮಾತ್ರೆ ನುಂಗಿದರೂ ಚಿಕ್ಕ ಮಕ್ಕಳ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಅಲ್ಲಿ ಮಕ್ಕಳನ್ನು ತೊಡಗಿಸಲು ಹಲಸಿನ ಹಪ್ಪಳಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಎಲ್ಲ ವಯಸ್ಸಿನವರಿಗೂ ಅದರಲ್ಲಿ ಪಾಲಿದೆ, ಎರಡು ಮೂರು ದಿನ ಹಿಡಿಯುತ್ತದೆ, ಕೊನೆಗೆ ತಿನ್ನಲೂ ಸಿಗುತ್ತದೆ. ಬಲಿತ ಆದರೆ ಹಣ್ಣಾಗದ ಕಾಯಿ ಬೇಕು. ಹಣ್ಣಿನ ಕಡೆ ತಿರುಗಿದ್ದರೆ ಸಿಹಿ ಹೆಚ್ಚಿ, ಎಣ್ಣೆಗೆ ಬಿಟ್ಟಾಗ ಹಪ್ಪಳ ಕೆಂಪಾಗಿ ಸುಡುತ್ತದೆ. ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಂಡು ಮೇಣ ಬಿಡಿಸಿ, ಕಾಯಿ ಕೊಯ್ಯುವುದು ದೊಡ್ಡವರ ಕೆಲಸ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ನೀರಿನಲ್ಲಿ ಬೇಯಿಸಿದರೆ ಹಿಟ್ಟು ನೀರಾಗಿ ಉಂಡೆ ನಿಲ್ಲುವುದಿಲ್ಲ. ಬೆರಳಲ್ಲಿ ಒತ್ತಿದರೆ ಮುದ್ದೆಯಾಗುವಷ್ಟು ಬೆಂದ ಮೇಲೆ ಬಿಸಿ ಇರುವಾಗಲೇ ನೀರು ಸೇರಿಸದೆ ರುಬ್ಬಿ. ಕಿಲೋ ಸೊಳೆಗೆ ಒಂದೂವರೆ ಟೀ ಚಮಚ ಉಪ್ಪು, ಎರಡು ಟೀ ಚಮಚ ಮೆಣಸಿನ ಪುಡಿ, ಸ್ವಲ್ಪ ಜೀರಿಗೆ. ಒಣಗಿದ ಮೇಲೆ ಉಪ್ಪು ಜೋರಾಗುತ್ತದೆ, ಹಿಟ್ಟಿನಲ್ಲಿ ಸಪ್ಪೆ ಎನಿಸಿದರೆ ಸರಿಯಾಗಿದೆ ಎಂದೇ ತಿಳಿಯಿರಿ. ಏಳು ವರ್ಷದವಳು ಸಣ್ಣ ನಿಂಬೆಯಷ್ಟು ಉಂಡೆ ಕಟ್ಟಲಿ, ಹನ್ನೆರಡರವನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಲಿ. ನಡು ದಪ್ಪ ಉಳಿದರೆ ಅಲ್ಲೇ ಬೂಸ್ಟು ಹಿಡಿಯುವುದು, ಒಂದೇ ಸಮ ಒತ್ತಬೇಕು. ಚಾಪೆಯ ಮೇಲೆ ಎರಡು ಮೂರು ಬಿಸಿಲು, ಎರಡನೇ ದಿನ ಮಗುಚಬೇಕು, ಮುರಿದರೆ ಪಟ್ಟೆಂದು ಸದ್ದಾಗಬೇಕು. ಮೇಯಲ್ಲಿ ಮೂರು ಗಂಟೆಯ ಮೋಡ ನೋಡಿ ಓಡಿಹೋಗಿ ಒಳಗೆ ತರುವ ಜವಾಬ್ದಾರಿ ಮಕ್ಕಳಿಗೇ ಕೊಡಿ. ಮೆಣಸಿನ ಕೈ ಕಣ್ಣಿಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ.

ಗೇರುಬೀಜ ಸುಡುವುದನ್ನು ಮಾತ್ರ ದೂರದಿಂದ ನೋಡಲಿ. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಹೊಗೆಯೂ ಕಣ್ಣಿಗೆ ಕೆಟ್ಟದ್ದು.

ಈಗ ನೀರಿನ ವಿಚಾರ. ಉಳಿದೆಲ್ಲದರಲ್ಲಿ ಹೆಚ್ಚುಕಮ್ಮಿಯಾದರೆ ತಿದ್ದಿಕೊಳ್ಳಬಹುದು, ಇಲ್ಲಿ ಆಗುವುದಿಲ್ಲ. ರಜೆಯಲ್ಲಿ ಊರಿಗೆ ಬಂದ ಮಕ್ಕಳು ನೀರಿಗಿಳಿದು ಜೀವ ಕಳೆದುಕೊಂಡ ಸುದ್ದಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅಜ್ಜಿಮನೆಗೆ ಹೋದ ಮೊದಲ ಸಂಜೆಯೇ ಮಕ್ಕಳನ್ನೆಲ್ಲ ಕರೆದುಕೊಂಡು ಒಂದು ಸುತ್ತು ಹಾಕಿ: ಬಾವಿ, ತೋಟದ ಕೆರೆ, ಕೃಷಿ ಹೊಂಡ, ಹೊಳೆಯ ದಾರಿ. ಎಲ್ಲಿಯವರೆಗೆ ಬರಬಹುದು, ಎಲ್ಲಿಂದ ಮುಂದೆ ದೊಡ್ಡವರಿಲ್ಲದೆ ಇಲ್ಲ ಎಂದು ಒಂದು ಮರವನ್ನೋ ಕಲ್ಲನ್ನೋ ತೋರಿಸಿ ಹೇಳಿ. ಬಾವಿಕಟ್ಟೆ ಮಗಳ ಎದೆಮಟ್ಟಕ್ಕಿಂತ ತಗ್ಗಿದ್ದರೆ ಕಬ್ಬಿಣದ ಬಲೆ ಹಾಕಿಸಿ, ಪಕ್ಕದಲ್ಲಿ ಹತ್ತಿ ನಿಲ್ಲಲಾಗುವ ಕೊಡ, ಕಲ್ಲು ಇಡಬೇಡಿ.

ಕೆಂಪುಕಲ್ಲು ತೆಗೆದ ಕೋರೆಗಳು ನಮ್ಮ ಕಡೆಯ ವಿಶೇಷ ಅಪಾಯ. ಯಂತ್ರದಿಂದ ಕೊರೆದ ಗೋಡೆ ನೇರ ಕೆಳಗಿಳಿಯುತ್ತದೆ, ಇಳಿಜಾರಿಲ್ಲ, ಹಿಡಿಯಲು ಬೇರಿಲ್ಲ, ಪಾಚಿ ಜಾರುತ್ತದೆ. ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಅಲ್ಲಿಗೆ ದೊಡ್ಡವರ ಜೊತೆಗೂ ಬೇಡ. ಬ್ರಹ್ಮಾವರದ ಎರಡು ಬದಿಗೂ ಸೀತಾ, ಸುವರ್ಣಾ ಹೊಳೆಗಳಿವೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ಕಂಡು ಇಳಿಯುತ್ತಾರೆ, ಮರಳು ತೆಗೆದ ಗುಂಡಿ ಒಂದೇ ಹೆಜ್ಜೆಯಲ್ಲಿ ಆಳಕ್ಕೆ ಎಳೆಯುತ್ತದೆ. ಅಳಿವೆಯ ಹತ್ತಿರ ಭರತ ಇಳಿತ ಬೇರೆ.

ಸಮುದ್ರದಲ್ಲಿ ಮೋಸ ಮಾಡುವುದು ಶಾಂತವಾಗಿ ಕಾಣುವ ಜಾಗ. ಅಲೆ ದಡಕ್ಕೆ ತಂದ ನೀರು ವಾಪಸ್ ಹೋಗಲು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಮುರಿಯುವುದಿಲ್ಲ, ನೊರೆ ಕಡಿಮೆ, ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಇಲ್ಲಿ ಅಲೆ ಇಲ್ಲ ಎಂದು ಜನ ಇಳಿಯುವುದು ಅಲ್ಲಿಗೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಹೋರಾಡಬಾರದು, ತೇಲಿಕೊಂಡು ಕೈ ಎತ್ತಬೇಕು, ಆಗುವುದಾದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬರಬೇಕು. ಪಣಂಬೂರು, ಮಲ್ಪೆಯಂತಹ ಕಾವಲುಗಾರರಿರುವ ಬೀಚಿಗೇ ಹೋಗಿ, ಅವರು ಸೀಟಿ ಊದಿದರೆ ವಾದ ಬೇಡ. ಮಗುವಿನ ಮೊಣಕಾಲಿನ ಆಳ, ದೊಡ್ಡವರ ಕೈಗೆಟಕುವ ದೂರ, ಇಷ್ಟೇ ಗಡಿ. ಗಾಳಿ ತುಂಬಿದ ರಿಂಗು, ಟ್ಯೂಬು ಸಮುದ್ರಕ್ಕೆ ತರಬೇಡಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ರಿಂಗಿನಲ್ಲಿ ಕುಳಿತ ಮಗು ನೋಡುತ್ತಿದ್ದಂತೆ ದೂರ ಹೋಗಿರುತ್ತದೆ. ಹತ್ತು ದೊಡ್ಡವರಿದ್ದ ಗುಂಪಿನಲ್ಲೇ ಮಕ್ಕಳು ಕಣ್ತಪ್ಪುವುದು, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆ ಎಂದುಕೊಂಡಿರುತ್ತಾರೆ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಕಾವಲಿನ ಪಾಳಿ ಮಾಡಿ. ಪಾಳಿಯವರ ಕೈಯಲ್ಲಿ ಫೋನ್ ಇರಬಾರದು. ಮೇ ಕೊನೆಯ ವಾರ ಕಡಲು ಏಳಲು ಶುರುವಾದರೆ ಮರಳಿನ ಮೇಲೆ ಆಟ ಮಾತ್ರ.

ಮುಳುಗುತ್ತಿರುವವರನ್ನು ಕಂಡರೆ ಹಾರಬಾರದು ಎಂದು ಮಗನಿಗೆ ಬಿಡಿಸಿ ಹೇಳಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋಗುವುದು ಹೀಗೆಯೇ. ಕೂಗಬೇಕು, ಹಗ್ಗವೋ ಸೀರೆಯೋ ಎಸೆಯಬೇಕು, ತೆಂಗಿನ ಮಡಲು ಚಾಚಬೇಕು, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಬೇಕು. ಮೇಲೆ ತಂದ ಮಗು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು, ತಲೆಕೆಳಗು ಹಿಡಿದು ತಿರುಗಿಸಲು ಹೊತ್ತು ಕಳೆಯಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, 30 ಬಾರಿ ಎದೆ ಒತ್ತಿ, ಎರಡು ಉಸಿರು, ಮತ್ತೆ 30. ಜೊತೆಗಿದ್ದವರು 112ಕ್ಕೆ ಕರೆ ಮಾಡಲಿ. ಉಸಿರು ಬಂದರೂ ಆಸ್ಪತ್ರೆಗೆ ಹೋಗಲೇಬೇಕು.

ಮೇಯ ಸಂಜೆ ಗಾಳಿ ಎದ್ದ ಕೂಡಲೇ ಮಕ್ಕಳು ಮಾವಿನ ಮರದ ಬುಡಕ್ಕೆ ಓಡುತ್ತಾರೆ. ಆ ಹೊತ್ತಿಗೇ ಸಿಡಿಲು. ಮಿಂಚು ಕಂಡು ಗುಡುಗು ಕೇಳುವ ನಡುವೆ ಮೂವತ್ತು ಎಣಿಸಲಾಗದಿದ್ದರೆ ಒಳಗೆ ಬರಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಒಳಗೇ. ಬಿದ್ದ ಮಾವು ಎಲ್ಲಿಗೂ ಹೋಗುವುದಿಲ್ಲ.

ಮುಂಬೈ ಮಕ್ಕಳ ಜೊತೆಗಿನ ಜಗಳಕ್ಕೆ ಮೂಲ ಬಹುಪಾಲು ವಸ್ತುಗಳು: ಯಾರ ಟ್ಯಾಬ್, ಯಾರ ಸೈಕಲ್, ಯಾರ ಚಾಕೊಲೇಟು. ಅವರು ಬರುವ ಮೊದಲೇ ಭಾವನ ಜೊತೆ ಮಾತಾಡಿ ಮೊಬೈಲಿನ ಹೊತ್ತು ಎಲ್ಲ ಮಕ್ಕಳಿಗೂ ಒಂದೇ ಮಾಡಿ. ಪಕ್ಕದ ಮನೆಯ ಹುಡುಗರ ಸ್ಕೂಟರ್ ಏರುವ ಆಸೆಗೆ ಮಾತ್ರ ಸೊಪ್ಪು ಹಾಕಬೇಡಿ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೋ ಮಾಲಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ನೆಂಟರು ತುಂಬಿದ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ನೀವೇ ನಿರ್ಧರಿಸಿ, ಮಕ್ಕಳು ನಿಮ್ಮ ಪಕ್ಕದಲ್ಲೋ ಅಜ್ಜಿಯ ಪಕ್ಕದಲ್ಲೋ ಮಲಗಲಿ. ಯಾರೇ ಆಗಲಿ, ಮುತ್ತು ಕೊಡು, ತೊಡೆ ಮೇಲೆ ಕೂರು ಎಂದಾಗ ಮಗು ಹಿಂದೆ ಸರಿದರೆ ಬಲವಂತ ಬೇಡ. ಗುಟ್ಟಾಗಿಡು ಎಂದು ಯಾರಾದರೂ ಮುಟ್ಟಿದರೆ ಅಮ್ಮನಿಗೆ ಹೇಳಬೇಕು, ಬೈಯುವುದಿಲ್ಲ ಎಂದು ಹೊರಡುವ ಮೊದಲೇ ಇಬ್ಬರಿಗೂ ಹೇಳಿ. ಮಕ್ಕಳ ಸಹಾಯವಾಣಿ 1098 ಮಗನಿಗೆ ಬಾಯಿಪಾಠ ಬರಲಿ.

ಮಂಗಳೂರಿನ ಮನೆಯಲ್ಲಿ ಇಬ್ಬರನ್ನೇ ಇಡೀ ದಿನ ಬಿಡುವುದು ಸರಿಯಲ್ಲ. 12ರವನು ಒಂದೆರಡು ಗಂಟೆ ತಾನೊಬ್ಬನೇ ಇರಬಲ್ಲ, ಏಳರ ತಂಗಿಯ ಹೊಣೆ ಅವನ ಮೇಲೆ ದಿನವಿಡೀ ಹಾಕಿದರೆ ಇಬ್ಬರಿಗೂ ಅದು ಶಿಕ್ಷೆ. ಅಂಥ ದಿನಗಳಿಗೆ ಶಿಬಿರ, ಅಥವಾ ನಿಮ್ಮಂತೆಯೇ ಕೆಲಸಕ್ಕೆ ಹೋಗುವ ಎರಡು ಮನೆಯವರ ಜೊತೆ ಸರದಿಯ ಮೇಲೆ ರಜೆ ಹಾಕುವ ಒಪ್ಪಂದ ಮಾಡಿಕೊಳ್ಳಿ.

ತಿರುಗಾಟಕ್ಕೆ ವಾರಕ್ಕೊಂದು ಸಾಕು. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಸೋಮವಾರ ಬಿಟ್ಟು ಬೆಳಿಗ್ಗೆಯೇ ಹೋಗಿ, ಬಿಸಿಲೇರಿದ ಮೇಲೆ ತಾರಾಲಯದೊಳಗೆ ಕೂರಬಹುದು. ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತುವುದಿದ್ದರೆ ಒಂಬತ್ತರೊಳಗೆ, ಆಮೇಲೆ ಬರಿಗಾಲಿಗೆ ಬಂಡೆ ಸುಡುತ್ತದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿ ಅದು, ಬೇರೆ ಕಡೆ ಕೆತ್ತಿ ಬೆಟ್ಟಕ್ಕೆ ಹೇಗೆ ಏರಿಸಿದರು ಎಂಬ ಪ್ರಶ್ನೆಯೊಂದೇ ಮಗನನ್ನು ದಾರಿಯಿಡೀ ಮಾತಾಡಿಸುತ್ತದೆ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಮೊದಲು ಒಂದು ಯಕ್ಷಗಾನ ತೋರಿಸಿ. ಆ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿಸಿ, ಜನಜಂಗುಳಿಗೆ ಮುಂಚೆ ಮಗಳ ಅಂಗೈ ಹಿಂದೆ ಬಾಲ್‌ಪೆನ್ನಿನಲ್ಲಿ ನಿಮ್ಮ ನಂಬರ್ ಬರೆಯಿರಿ, ತಪ್ಪಿಸಿಕೊಂಡರೆ ಚೌಕಿಯ (ವೇಷ ಕಟ್ಟುವ ಜಾಗ) ಹತ್ತಿರ ನಿಲ್ಲಲು ಹೇಳಿ.

ಕೊನೆಯ ಹತ್ತು ದಿನ ಶಾಲೆಯ ಕಡೆ ತಿರುಗಬೇಕು. ಏಳುವ ಹೊತ್ತನ್ನು ಎರಡು ದಿನಕ್ಕೆ 15 ನಿಮಿಷ ಹಿಂದೆ ತಂದರೆ 7.30ರಿಂದ 6.30ಕ್ಕೆ ಎಂಟು ದಿನದಲ್ಲಿ ಬರುತ್ತೀರಿ, ಹಿಂದಿನ ರಾತ್ರಿ ಒಮ್ಮೆಲೇ ಆಗುವುದಿಲ್ಲ. ಮೇ ಮಧ್ಯದಲ್ಲೇ ಹಳೇ ಶೂ ಹಾಕಿಸಿ ನೋಡಿ, ಎರಡು ತಿಂಗಳಲ್ಲಿ ಕಾಲು ಬೆಳೆದಿರುತ್ತದೆ. ಇಲ್ಲಿ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುವುದರಿಂದ ರೈನ್‌ಕೋಟ್, ಮಳೆಗಾಲದ ಚಪ್ಪಲಿ, ಒಂದು ಜೊತೆ ಹೆಚ್ಚುವರಿ ಯೂನಿಫಾರ್ಮ್ ಮೊದಲೇ ಇರಲಿ. ಒಂದೇ ಚಾಪೆಯಲ್ಲಿ ಮಲಗಿದ ಮಕ್ಕಳ ತಲೆಯಲ್ಲಿ ಹೇನು ಇದ್ದೇ ಇರುತ್ತದೆ ಎಂದು ಭಾವಿಸಿ, ಒದ್ದೆ ಕೂದಲಿಗೆ ಎಣ್ಣೆ ಹಚ್ಚಿ ಸೀರಣಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬಾಚಿ. ಮಗನ ಲಸಿಕೆ ಕಾರ್ಡನ್ನೂ ತೆಗೆದು ನೋಡಿ. 10 ವರ್ಷಕ್ಕೆ ಹಾಕಿಸಬೇಕಾದ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಎಷ್ಟೋ ಮಕ್ಕಳಿಗೆ ಬಾಕಿ ಉಳಿದಿರುತ್ತದೆ, ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.